ಕಲ್ಯಾಣದ ಬುರುಜಿಗೆ ಬಂದ ಸಮುದ್ರ

ಬಸವಕಲ್ಯಾಣದ ಕಿಲ್ಲೆಗೆ ಸಮುದ್ರ ಬಂದದ್ದು ಲಾರಿಯಲ್ಲಿ. ಹಸಿರು ಬಣ್ಣದ್ದಿತ್ತು, ಚಾಪೆಯಂತೆ ಸುತ್ತಿ ಹಗ್ಗ ಬಿಗಿದಿದ್ದರು. ಗಂಡಸರು ಹೆಗಲ ಮೇಲೆ ಹೊತ್ತು ತಂದು, ಕಂದಕದ ಆಚೆ ದಂಡೆಯಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ, ಉದ್ದಕ್ಕೂ ಎಳೆದು ಕಟ್ಟಿದರು. ಪ್ರಣಿತಾ ಬುರುಜಿನ ಮೆಟ್ಟಿಲ ಮೇಲೆ ಕಸಬರಿಗೆ ಹಿಡಿದು ನಿಂತು ನೋಡುತ್ತಿದ್ದಳು. ಅದು ಬಟ್ಟೆ ಎಂಬುದು ಕಣ್ಣಿಗೆ ಕಾಣುತ್ತಲೇ ಇತ್ತು. ಆದರೆ ಕಟ್ಟುವವರೆಲ್ಲ ಅದಕ್ಕೆ ಸಮುಂದರ್ ಎನ್ನುತ್ತಿದ್ದರು. “ಸಮುಂದರ್ ಸ್ವಲ್ಪ ಮೇಲೆ ತಗೋ”, “ಸಮುಂದರಿನ ಮೂಲೆ ಹರಿದದೆ, ಹೊಲಿಗೆ ಹಾಕು” ಎಂದು ಕೂಗಾಡುತ್ತಿದ್ದರು. ಗಾಳಿ ಬಂದಾಗ ಬಟ್ಟೆ ಉಬ್ಬಿ, ಮತ್ತೆ ಬತ್ತುತ್ತಿತ್ತು. ಹೌದೇ ಇರಬಹುದು ಎಂದುಕೊಂಡಳು. ಸಮುದ್ರವನ್ನು ಅವಳೇನೂ ಕಂಡಿರಲಿಲ್ಲ.

ಬಂದವರು ಮುಂಬಯಿಯ ಸಿನಿಮಾದವರು. ಹುಮನಾಬಾದಿನ ಲಾಡ್ಜಿನಲ್ಲಿ ಉಳಿದುಕೊಂಡು ದಿನಾ ಬೆಳಿಗ್ಗೆ ಗಾಡಿಗಳಲ್ಲಿ ಬರುತ್ತಿದ್ದರು. ಅವರ ಕಥೆ ನಡೆಯುವುದು ಸಮುದ್ರದ ದಂಡೆಯ ಒಂದು ಹಳೆಯ ಕಿಲ್ಲೆಯಲ್ಲಿ. ಬುರುಜುಗಳ ಮೇಲೆ ತೋಪುಗಳಿಟ್ಟು ಬಂದರನ್ನು ಕಾಯುವ ಕಿಲ್ಲೆ ಅದು. ಹಾಗಾದರೆ ಸಮುದ್ರ ಇರುವಲ್ಲಿಗೇ ಹೋಗದೆ ಇಲ್ಲಿಗೇಕೆ ಬಂದರು ಎಂಬುದು ಕಿಲ್ಲೆಯ ಕೂಲಿಯವರಿಗೆಲ್ಲ ಒಂದು ಒಗಟಾಗಿತ್ತು.

“ಅಲ್ಲಿ ಅಲೆ ಹೊಡಿತಾವ, ದೋಣಿ ಬೇಕು, ಪರ್ಮಿಶನ್ ಸಿಗಂಗಿಲ್ಲ,” ಎಂದು ಹೇಳಿದವಳು ಸಮ್ರೀನ. ಡೈರೆಕ್ಟರನ ಕೈಕೆಳಗೆ ಕೆಲಸ ಮಾಡುವ ಹೈದರಾಬಾದಿನ ಹುಡುಗಿ. ತಾಯಿಯ ತವರು ಹುಮನಾಬಾದ್ ಆದ್ದರಿಂದ ಕನ್ನಡ ಬರುತ್ತಿತ್ತು. “ಕಲ್ಲು ನಿಮ್ಮದು, ನೀರು ಕಂಪ್ಯೂಟರಿಂದು. ಈ ಹಸಿರು ಬಟ್ಟಿ ಅದ ನೋಡು, ಅದರ ಜಾಗಾದಾಗ ಆಮ್ಯಾಲೆ ಸಮುದ್ರ ಕೂಡಸ್ತಾರ.”

ಪ್ರಣಿತಾ ತಲೆಯಾಡಿಸಿದಳು. ತಿಳಿಯದಿದ್ದಾಗ ಅವಳು ತಲೆಯಾಡಿಸುವುದು ರೂಢಿ. ಮುಡಬಿಯ ಶಾಲೆಯಲ್ಲಿ ಎದ್ದು ನಿಂತು ಓದೆಂದರೆ ಅವಳ ಗಂಟಲೇ ಕಟ್ಟುತ್ತಿತ್ತು. ಏಳನೆಯ ಇಯತ್ತೆಯಲ್ಲಿ ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಯಾರೂ ಕೇಳಲಿಲ್ಲ. ಶಾಲೆ ಅಲ್ಲಿಗೆ ಮುಗಿಯಿತು. ಈಗ ಮಳೆಗಾಲದಿಂದ ಇಲ್ಲಿ ಕೂಲಿಗೆ ಬರುತ್ತಿದ್ದಳು. ಗೇಟಿನ ಹತ್ತಿರ ಕುಳಿತು ಬಂದು ಹೋಗುವವರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳು ಬೇಕಾಗಿದ್ದಾಳೆ ಎಂದು ಕೂಲಿಯವರ ಮೇಲ್ವಿಚಾರಕ ಭೀಮಶಾ ಹೇಳಿದ ದಿನದಿಂದ ಅವಳ ಜೀವವೆಲ್ಲ ಅಲ್ಲೇ ಸಿಕ್ಕಿಕೊಂಡಿತ್ತು. ನೆರಳು, ಒಂದು ಕುರ್ಚಿ, ದಿನವಿಡೀ ಮಂದಿಯ ಮುಖ ನೋಡುವ ಕೆಲಸ. ಅದು ಸಿಗದಿದ್ದರೆ ಸೋದರಮಾವ ನರಸಿಂಗ ಅವಳನ್ನು ಹುಮನಾಬಾದಿನ ಪ್ಯಾಕಿಂಗ್ ಶೆಡ್ಡಿಗೆ ಸೇರಿಸಲು ಮಾತಾಡಿ ಇಟ್ಟಿದ್ದ. ಅಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಡಬ್ಬಿಗೆ ಮುಚ್ಚಳ ಹಾಕುತ್ತ ನಿಲ್ಲಬೇಕು, ಅಲ್ಲೇ ಉಳಿಯಬೇಕು, ಮನೆಯಲ್ಲಿರುವ ಅಜ್ಜಿ, ಸೋನುಬಾಯಿ ಆಯಿ, ಮುಡಬಿಯಲ್ಲಿ ಒಬ್ಬಳೇ ಆಗುತ್ತಾಳೆ.

ಭೀಮಶಾ ಹೇಳಿದ್ದ: “ಸಿನಿಮಾದವ್ರಿಗೆ ಬಂದರಿನ ಹೆಂಗಸರಾಗಿ ನಿಲ್ಲಾಕ ನಿಮ್ಮೂರಿನ ಹೆಣ್ಣಮಕ್ಕಳು ಬೇಕಂತ. ಕರ್ಕೊಂಡು ಬಾ. ಜವಾಬ್ದಾರಿ ನಿಂದು. ಒಂದು ಕಲ್ಲು ಸರಿಬಾರದು ನೋಡು. ನಾಳೆ ಸಂಜಿಕ ಪುರಾತತ್ವ ಇಲಾಖೆ ಸಾಹೇಬ್ರು ಕಲಬುರಗಿಯಿಂದ ಬರಾಕತ್ತಾರ. ಎಲ್ಲಾ ಸುರಳೀತ ನಡೀತಂದ್ರ ಗೇಟಿನ ಕೆಲಸಕ್ಕ ನಿನ್ನ ಹೆಸರು ಹೇಳ್ತೀನಿ.”

ಹಾಗೆ ಬುಧವಾರ ಬೆಳಿಗ್ಗೆ ಮುಡಬಿಯ ಹೆಂಗಸರು ಟಂಟಂ ಆಟೋ ಇಳಿದು, ರೊಟ್ಟಿ ಗಂಟು ಕಂಕುಳಲ್ಲಿ ಇರುಕಿಕೊಂಡು ಬುರುಜು ಹತ್ತಿದರು. ಸೋಯಾ ರಾಶಿ ಮುಗಿದು ಎಲ್ಲರ ಕೈ ಖಾಲಿ ಇತ್ತು. ಸಮ್ರೀನ ಎಲ್ಲರಿಗೂ ಬೆಸ್ತರ ಹೆಂಗಸರ ಸೀರೆ ಉಡಿಸಿದಳು. ಸೋನುಬಾಯಿಯ ಕಚ್ಚೆ ಸೀರೆ ನೋಡಿ ಮಾತ್ರ, “ಇವ್ರದು ಹಾಂಗೇ ಇರಲಿ, ಅಸಲಿ ಅದ,” ಎಂದಳು.

“ಕೇಳಿದಿಲ್ಲ, ನಾ ಅಸಲಿ,” ಎಂದು ಮುದುಕಿ ಉಳಿದವರ ಕಡೆ ನೋಡಿ ಗದ್ದ ಎತ್ತಿದಳು.

ಬುರುಜಿನ ನಡುವೆ ಉದ್ದನೆಯ ಕಬ್ಬಿಣದ ತೋಪು ಮಲಗಿತ್ತು. ಸುತ್ತ ಮೊಣಕಾಲುದ್ದ ಹುಲ್ಲು. ಹಿಂದಿನ ದಿನ ಆ ಹುಲ್ಲಿನಲ್ಲೇ ಒಬ್ಬ ಸಿಪಾಯಿಯನ್ನು ಅಡಗಿಸಿ ಕೂರಿಸಿ ಚಿತ್ರ ತೆಗೆದಿದ್ದರು. ಸಮ್ರೀನ ಹೆಂಗಸರನ್ನು ತೋಪಿನ ಪಕ್ಕ ಕೂರಿಸಿ ಕಥೆ ತಿಳಿಸಿದಳು.

“ದೂರ ಸಮುದ್ರದಾಗ ಹಡಗ ಕಾಣಾಕತ್ತಾವ. ನಮ್ಮವೋ, ದುಷ್ಮನರವೋ ಗೊತ್ತಿಲ್ಲ. ತೋಪಿನವರು ಬತ್ತಿ ಹಿಡ್ಕೊಂಡು ನಿಂತಾರ. ಹೊಡದ್ರ ನಿಮ್ಮ ಗಂಡಂದಿರೇ ಸಾಯಬಹುದು. ಹೊಡೀಲಿಲ್ಲಂದ್ರ ದುಷ್ಮನ್ ಬಂದರಿನೊಳಗ ಹೊಕ್ಕಬಹುದು. ನೀವು ಆ ಹಸಿರು ಬಟ್ಟಿ ನೋಡ್ಕೋತ ನಿಲ್ಲಬೇಕು. ಅಷ್ಟೇ.”

“ಮತ್ತ ಮಾರಿ ಹ್ಯಾಂಗ ಮಾಡಬೇಕ್ರಿ? ಅಳಬೇಕೋ, ನಗಬೇಕೋ?” ಎಂದು ಕೇಳಿದಳು ಪೂನಂ. ಪ್ರಣಿತಾಳ ಓರಗೆಯವಳು, ಓಣಿಯ ಗೆಳತಿ, ಬಾಯಿ ಸುಮ್ಮನಿರದು.

“ಎರಡೂ ಅಲ್ಲ. ಗೊತ್ತಿಲ್ಲದವರ ಹಾಂಗ.”

“ಅದಕ್ಕ ಇಷ್ಟು ದೂರ ಕರಸ್ಕೊಂಡ್ರಿ? ಪ್ರಣಿತಾನ ಒಬ್ಬಾಕಿನ್ನ ನಿಲ್ಲಸಿದ್ರ ಸಾಕಿತ್ತಲ್ರಿ. ಆಕಿ ಮಾರಿ ಇರೋದೇ ಹಾಂಗ.”

ಎಲ್ಲರೂ ನಕ್ಕರು. ಪ್ರಣಿತಾ ಸೆರಗು ಸರಿಮಾಡಿಕೊಂಡಳು.

ಕ್ಯಾಮೆರಾ ಸಜ್ಜಾಗಲಿಲ್ಲ. ಬಿಸಿಲು ಸರಿಯಿಲ್ಲ ಎಂದರು. ಆಮೇಲೆ ಜನರೇಟರ್ ಕೆಟ್ಟಿದೆ ಎಂದರು. ಆಮೇಲೆ ಏನೂ ಹೇಳದೆ ಎಲ್ಲರೂ ಕೆಳಗೆ ಊಟಕ್ಕೆ ಹೋದರು. “ಇಲ್ಲೇ ಕೂಡ್ರಿ, ಕದಲಬ್ಯಾಡ್ರಿ,” ಎಂದಳು ಸಮ್ರೀನ. “ಕಲ್ಲ ಮುಟ್ಟಬ್ಯಾಡ್ರಿ,” ಎಂದು ಪ್ರಣಿತಾ ತನ್ನ ಕಡೆಯಿಂದ ಮೆಲ್ಲಗೆ ಸೇರಿಸಿದಳು.

ಹೆಂಗಸರು ಕುಳಿತರು. ಕೂಲಿ ಕೊಟ್ಟು ಸುಮ್ಮನೆ ಕೂರಿಸುವುದೆಂದರೇನೆಂದು ಅವರಿಗೆ ತಿಳಿಯದು. ರೊಟ್ಟಿ, ಶೇಂಗಾ ಹಿಂಡಿ ತಿಂದಾಯಿತು. ಯಾರ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಈಯಿತು ಎಂಬುದೂ ಆಯಿತು. ಬಿಸಿಲು ತಲೆಯ ಮೇಲೆ ಬಂತು. ಸೋನುಬಾಯಿ ಮಾತಾಡುತ್ತಲೇ ತನ್ನ ಮುಂದಿನ ಒಂದು ಹುಲ್ಲಿನ ಬುಡಕ್ಕೆ ಬೆರಳು ಹಾಕಿ, ಅಲುಗಿಸಿ, ಕಿತ್ತು, ಮಣ್ಣು ಕೊಡವಿ ಪಕ್ಕಕ್ಕಿಟ್ಟಳು. ಮತ್ತೊಂದು ಕಿತ್ತಳು. ಅವಳ ಪಕ್ಕದವಳ ಕೈಯೂ ಹೋಯಿತು. ಪೂನಂ ಬಳೆ ಹಿಂದಕ್ಕೆ ಸರಿಸಿದಳು. ನೋಡುನೋಡುತ್ತಿದ್ದಂತೆ ಹೆಂಗಸರು ತೋಪಿನ ಬದಿಯಿಂದ ಒಂದು ಸಾಲಾಗಿ ಕುಕ್ಕರಗಾಲಲ್ಲಿ ಕುಳಿತು, ಒಬ್ಬೊಬ್ಬರು ನೆಲದ ಒಂದೊಂದು ಪಟ್ಟಿ ಹಿಡಿದು ಮುಂದಕ್ಕೆ ಸರಿಯತೊಡಗಿದರು. ತೊಗರಿ ಹೊಲದಲ್ಲಿ ಹೇಗೆ ಸರಿಯುತ್ತಾರೋ ಹಾಗೆಯೇ. ಯಾರೂ ಶುರು ಮಾಡೋಣ ಎಂದಿರಲಿಲ್ಲ.

ಪ್ರಣಿತಾ ಎಲ್ಲವನ್ನೂ ನೋಡಿದಳು. ನಿಲ್ಲಿಸಬೇಕೇನೋ ಅನ್ನಿಸಿತು. ಸಿನಿಮಾದವರು ಹುಲ್ಲಿನ ಬಗ್ಗೆ ಏನೂ ಹೇಳಿರಲಿಲ್ಲ. ಭೀಮಶಾ ಕಲ್ಲಿನ ಬಗ್ಗೆ ಮಾತ್ರ ಹೇಳಿದ್ದ. ಹಿರಿಯರಿಗೆ ಬೇಡವೆನ್ನುವುದಾದರೂ ಹೇಗೆ? ಹೇಳಲೋ ಬಿಡಲೋ ಎಂದು ಯೋಚಿಸುತ್ತ ಕುಳಿತವಳು ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ ತನ್ನ ಮುಷ್ಟಿಯಲ್ಲೂ ಹುಲ್ಲು. ತನ್ನ ಹಿಂದೆಯೂ ಒಂದು ಪಟ್ಟಿ ಸ್ವಚ್ಛ.

ಬುರುಜು ಅಂಗಳ ಸಾರಿಸಿದಂತೆ ಹೊಳೆಯುವ ಹೊತ್ತಿಗೆ, ಹುಲ್ಲಿನ ಹೊರೆಯೆಲ್ಲ ಮೆಟ್ಟಿಲ ಕೆಳಗೆ ಬಿದ್ದ ಮೇಲೆ, ಭೀಮಶಾ ಮೇಲೆ ಬಂದ. ಬಂದವನು ಹಾಗೇ ನಿಂತ.

“ಯಾರ ತಗಿಸಿದ್ರು ಇದನ್ನ?”

ಹೆಂಗಸರು ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡರು.

“ಅಯ್ಯೋ ನಿಮ್ಮ! ಸಾಹೇಬ್ರು ಎಷ್ಟು ಸಲ ಬೈದಾರ ನನಗ. ಬೇರಿಗೆ ಕಲ್ಲು ಬಿಚ್ಚಾಕತ್ತಾವ, ಈ ಬುರ್ಜಿನ ಹುಲ್ಲ ತಗಿಸು ಭೀಮಶಾ ಅಂತ. ಆಳು ಎಲ್ಲಿ ತರ್ಲಿ ನಾ?” ಅವನು ಮೊಬೈಲ್ ತೆಗೆದು ಈ ಮೂಲೆಯಿಂದ ಒಂದು, ಆ ಮೂಲೆಯಿಂದ ಒಂದು ಫೋಟೋ ಹೊಡೆದು, ಅಲ್ಲೇ ನಿಂತು ಕಳಿಸಿದ. “ನಿಂದು ಪಕ್ಕಾ ಅಂತ ತಿಳ್ಕೋ ಪ್ರಣಿತಾ. ಸಾಹೇಬ್ರ ಗಾಡಿ ಕಲಬುರಗಿ ಬಿಟ್ಟಿರಬೇಕು ಈಗ.”

ಅವನು ಇಳಿದು ಹೋದ. ಪೂನಂ ಪ್ರಣಿತಾಳ ಪಕ್ಕೆಗೆ ತಿವಿದಳು. “ಗೇಟಿನವ್ವಾ, ನಮಗ ಟಿಕೀಟ್ ಮಾಫ್ ಮಾಡ್ತಿಯಿಲ್ಲ?”

ಪ್ರಣಿತಾಳಿಗೆ ನಗು ಬಂತು. ಆ ನಗು ಮುಖದ ಮೇಲೆ ಇರುವಾಗಲೇ ಸಮ್ರೀನ ಮೆಟ್ಟಿಲು ಹತ್ತಿ ಬಂದಳು. ಬುರುಜು ನೋಡಿದಳು. ತೋಪು ನೋಡಿದಳು. ದಾರಿ ತಪ್ಪಿ ಬೇರೆ ಬುರುಜಿಗೆ ಬಂದೆನೇನೋ ಎಂಬಂತೆ ಹಿಂದಿರುಗಿ ಮೆಟ್ಟಿಲು ನೋಡಿದಳು.

“ಯಾ ಅಲ್ಲಾ! ಹುಲ್ಲೆಲ್ಲಿ?”

“ತಗದ್ವಿ ರೀ,” ಎಂದಳು ಸೋನುಬಾಯಿ, ಹೊಗಳಿಕೆಗೆ ಕಾಯುತ್ತ.

“ಯಾಕ?”

ಆ ಪ್ರಶ್ನೆ ಯಾರಿಗೂ ಅರ್ಥವಾಗಲಿಲ್ಲ. ಹುಲ್ಲು ಬೆಳೆದಿತ್ತು, ಕಿತ್ತರು. ಅದಕ್ಕೆ ಯಾಕ ಎಂದರೆ ಏನು ಹೇಳುವುದು?

ಆಮೇಲೆ ಡೈರೆಕ್ಟರ್ ಬಂದ. ಟೊಪ್ಪಿಗೆ ತೆಗೆದು, ತೋಪಿನ ಪಕ್ಕದ ಕಟ್ಟೆಯ ಮೇಲೆ ಕುಳಿತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನು ಹಿಂದಿಯಲ್ಲಿ ಹೇಳಿದ್ದನ್ನು ಸಮ್ರೀನ ಮೆತ್ತಗೆ ಮಾಡಿ ಕನ್ನಡಕ್ಕೆ ತಂದಳು. ಮೆತ್ತಗೆ ಮಾಡಿದ ಮೇಲೂ ಅದು ಬಿಸಿಯಾಗಿಯೇ ಇತ್ತು. ನಿನ್ನೆಯ ಚಿತ್ರದಲ್ಲಿ ಸಿಪಾಯಿ ಹುಲ್ಲಿನಲ್ಲಿ ಕುಳಿತಿದ್ದಾನೆ. ಇವತ್ತು ಅವನೇ, ಅದೇ ಜಾಗದಿಂದ, ಅದೇ ಗಳಿಗೆಯಲ್ಲಿ ಎದ್ದು ನಿಲ್ಲಬೇಕು. ನಡುವೆ ಹುಲ್ಲು ಎಲ್ಲಿಗೆ ಹೋಯಿತು? ಹೊತ್ತು ಮುಳುಗುವುದರೊಳಗೆ ಹುಲ್ಲು ಹೇಗಿತ್ತೋ ಹಾಗೆ ಆಗಬೇಕು. ಇಲ್ಲದಿದ್ದರೆ ಸಂಜೆ ಬರುವ ಸಾಹೇಬರಿಗೇ ಹೇಳುತ್ತಾನೆ, ನಿಮ್ಮ ಕಿಲ್ಲೆಯ ಆಳು ನಮ್ಮ ಕೆಲಸ ಹಾಳುಮಾಡಿದಳು ಎಂದು.

“ಆಳು ಅಂದ್ರ ಯಾರು?” ಎಂದಳು ಪೂನಂ.

ಸಮ್ರೀನ ಪ್ರಣಿತಾಳ ಕಡೆ ನೋಡಿದಳು. “ಇವ್ರೇ ಕರ್ಕೊಂಡು ಬಂದವರು...”

ಪ್ರಣಿತಾ ಲೆಕ್ಕ ಹಾಕಿದಳು. ಹುಲ್ಲು ಇಲ್ಲದ್ದಕ್ಕೆ ಭೀಮಶಾ ಹೊಗಳಿ ಹೋಗಿದ್ದ. ಇಲ್ಲದ್ದಕ್ಕೇ ಇವರು ಬೈಯುತ್ತಿದ್ದರು. ಮತ್ತೆ ನೆಟ್ಟರೆ ಇವರು ಸುಮ್ಮನಾಗುತ್ತಾರೆ, ಸಾಹೇಬರು ಸಿಟ್ಟಾಗುತ್ತಾರೆ. ಬಿಟ್ಟರೆ ಸಾಹೇಬರು ಖುಷಿ, ಆದರೆ ಇವರ ದೂರು ಅವರ ಕಿವಿಗೆ ಬೀಳುತ್ತದೆ. ಯಾವ ಕಡೆ ತಿರುಗಿದರೂ ಎದುರಿಗೆ ಹುಮನಾಬಾದಿನ ಶೆಡ್ಡೇ ಕಾಣುತ್ತಿತ್ತು. ಭೀಮಶಾನನ್ನು ಕೇಳೋಣವೆಂದರೆ ಅವನು ಸಾಹೇಬರನ್ನು ಎದುರುಗೊಳ್ಳಲು ಹೆದ್ದಾರಿಯ ತನಕ ಹೋಗಿಬಿಟ್ಟಿದ್ದ, ಫೋನೂ ಎತ್ತಲಿಲ್ಲ.

ಡೈರೆಕ್ಟರನ ಮುಖ ಇನ್ನೂ ಕೈಯೊಳಗೇ ಇತ್ತು. ಅವನ ನಿನ್ನೆಯ ದಿನವನ್ನು ಹೆಂಗಸರು ಮಾತಾಡುತ್ತ ಮಾತಾಡುತ್ತ ಕಿತ್ತು ಒಗೆದಿದ್ದರು. ಆ ಹೊರೆಯಲ್ಲಿ ತನ್ನ ಪಾಲೂ ಇತ್ತು. ಪ್ರಣಿತಾ ಕೆಳಗಿಳಿದು ಹೋಗಿ, ಹುಲ್ಲಿನ ಒಂದು ಹೊರೆ ಹೊತ್ತು ಮೇಲೆ ಬಂದಳು.

“ಏ ಹುಡುಗಿ, ಕಿತ್ತ ಕಸಾ ಹೊಳ್ಳಿ ಹಚ್ಚತಾರೇನು?” ಎಂದಳು ಸೋನುಬಾಯಿ. ಅವಳ ದನಿಯಲ್ಲಿ ನಿಜವಾದ ಗಾಬರಿ ಇತ್ತು. “ಯಾರರ ನೋಡಿದ್ರ ನಗ್ತಾರ.”

“ಹಚ್ಚೂಣು ಆಯಿ.”

“ಜಲಮದಾಗ ಕಸಾ ಬೆಳೀಲಿ ಅಂತ ಕೈ ಹಾಕಿಲ್ಲ ನಾ.”

ಹಾಗೆನ್ನುತ್ತಲೇ ಮುದುಕಿ ಸೆರಗು ಕಟ್ಟಿದಳು. ಹೆಂಗಸರೆಲ್ಲ ಇಳಿದರು, ಹತ್ತಿದರು. ಮಣ್ಣಿಗೆ ನೀರು ಚಿಮುಕಿಸಿ, ಬೆರಳಿಂದ ಕುಣಿ ಮಾಡಿ, ಹುಲ್ಲಿನ ಗಿಡ ಒಂದೊಂದನ್ನೇ ಊರಿದರು. ಬೇಗಬೇಗ ನಡೆಯಿತು ಕೆಲಸ. ಅರ್ಧ ಬುರುಜು ಮುಗಿದಾಗ ಡೈರೆಕ್ಟರ್ ಎದ್ದು ಬಂದು ನೋಡಿ, ಬಿಕ್ಕಳಿಕೆಯಂತೆ ಒಂದು ಸದ್ದು ಮಾಡಿದ. ನಕ್ಕನೋ ಅತ್ತನೋ ತಿಳಿಯಲಿಲ್ಲ.

“ಯೇ ಖೇತ್ ಹೈ ಕ್ಯಾ?” ಇದೇನು ಹೊಲವೇ ಎಂದು ಕೇಳಿದ.

ಪ್ರಣಿತಾ ಹಿಂದೆ ಸರಿದು ನೋಡಿದಳು. ಹುಲ್ಲೆಲ್ಲ ಉಳ್ಳಾಗಡ್ಡಿ ಸಸಿ ಹಚ್ಚಿದಂತೆ ಸಾಲುಸಾಲಾಗಿ, ಗೇಣಿಗೊಂದರಂತೆ ನೆಟ್ಟಗೆ ನಿಂತಿತ್ತು. ನಡುವೆ ಕಾಲು ಇಡಲು ಹಾದಿಯನ್ನೂ ಬಿಟ್ಟಿದ್ದರು.

“ಸಾಲ ಬ್ಯಾಡಂತ ಆಯಿ. ಹ್ಯಾಂಗರ ಹಚ್ಚಬೇಕಂತ.”

“ಹ್ಯಾಂಗರ ಅಂದ್ರ ಹ್ಯಾಂಗ? ಕೈಗೆ ಬರಬೇಕಲ್ಲವಾ!” ಸೋನುಬಾಯಿ ಒಂದು ಹುಲ್ಲು ಕಿತ್ತು ಬೇಕೆಂದೇ ಸೊಟ್ಟಗೆ ಊರಿದಳು. ಅದರ ಪಕ್ಕದ್ದನ್ನು ಊರುವಾಗ ಕೈ ತಾನಾಗಿಯೇ ಸರಿದು ಸಾಲಿಗೆ ಬಂತು.

“ಕಣ್ಣ ಮುಚ್ಕೋ ಆಯಿ,” ಎಂದಳು ಪೂನಂ. ಚೇಷ್ಟೆಗೆ ಹೇಳಿದ್ದು. ಮುದುಕಿ ಮಾತ್ರ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಕುರುಡಿಯಂತೆ ತಡಕಾಡುತ್ತ ಹಚ್ಚತೊಡಗಿದಳು. ಹುಲ್ಲು ಎಲ್ಲೆಂದರಲ್ಲಿ ಬಿತ್ತು. “ಬರೋಬರ್! ಬರೋಬರ್!” ಎಂದು ಸಮ್ರೀನ ಚಪ್ಪಾಳೆ ತಟ್ಟಿದಳು. ಉಳಿದವರೂ ಮುಸುಕು ಹಾಕಿಕೊಂಡರು. ಒಬ್ಬರ ಕೈ ಒಬ್ಬರ ಕಾಲಿಗೆ ತಾಗಿ, ಒಬ್ಬರ ಜಡೆ ಒಬ್ಬರ ಹಿಡಿಗೆ ಸಿಕ್ಕು, ಬುರುಜಿನ ಮೇಲೆ ಬೈಗುಳವೂ ನಗುವೂ ಎದ್ದವು.

ಹೊತ್ತು ಇಳಿಯುವಾಗ ಬುರುಜು ಮತ್ತೆ ಪಾಳುಬಿದ್ದಂತಾಯಿತು. ಸಿಪಾಯಿ ಹುಲ್ಲಿನಲ್ಲಿ ಕುಳಿತ. ಹೆಂಗಸರು ಅಂಚಿನ ಗೋಡೆಗೆ ಬಂದು ನಿಂತರು. ಎದುರಿಗೆ ಕಂದಕ, ಅದರಾಚೆ ಸಮುದ್ರ.

“ನೋಡ್ರಿ! ಹಡಗ ಬಂತು!” ಎಂದು ಕೂಗಿದಳು ಸಮ್ರೀನ. “ಆಯಿ, ನಿಮ್ಮ ಮಾಲಕರು ಅದರಾಗ ಅದಾರ!”

“ನಮ್ಮಂವಾ?” ಸೋನುಬಾಯಿಯ ಗಂಡ ಎಂದೋ ಮುಂಬಯಿಗೆ ಹೋಗಿ ಅಲ್ಲೇ ಇನ್ನೊಬ್ಬಳನ್ನು ಇಟ್ಟುಕೊಂಡು ಸತ್ತದ್ದು ಮುಡಬಿಗೆಲ್ಲ ಗೊತ್ತಿತ್ತು. “ಹಾಂಗಿದ್ರ ತೋಪ ಹೊಡಿಯಾಕ ಹೇಳ್ರಿ.”

ಹೆಂಗಸರು ಗೋಡೆ ಹಿಡಿದುಕೊಂಡು ನಕ್ಕರು. ಚಿತ್ರ ಕೆಟ್ಟಿತು. ಮತ್ತೆ ಕೂಗಿದರು. ಈ ಸಲ ಒಬ್ಬಳು ಹಡಗಿನಲ್ಲಿ ಗಂಡ ಬರುತ್ತಾನೆಂದು ತಲೆಯ ಮೇಲೆ ಸೆರಗು ಹೊದ್ದು ನೆಲ ನೋಡಿದಳು. ಮತ್ತೆ ಕೆಟ್ಟಿತು. ಬಿಸಿಲು ಕೆಂಪಾಗತೊಡಗಿತು. ಡೈರೆಕ್ಟರ್ ಕೈ ಎತ್ತಿ ಮತ್ತೊಮ್ಮೆ ಎಂದ.

ಆಗ ಪ್ರಣಿತಾಳಿಗೆ ಹಸಿರು ಬಟ್ಟೆಯ ಅಂಚಿನ ಆಚೆ, ಊರ ಕಡೆಯ ರಸ್ತೆಯಲ್ಲಿ, ಒಂದು ಬಿಳಿ ಜೀಪು ಧೂಳೆಬ್ಬಿಸುತ್ತ ಬರುವುದು ಕಂಡಿತು. “ಸಾಹೇಬ್ರು,” ಎಂದಳು ಮೆಲ್ಲಗೆ. ಪಕ್ಕದಲ್ಲಿದ್ದ ಪೂನಂಗೆ ಕೇಳಿಸಿತು, ಅವಳಿಂದ ಉಳಿದವರಿಗೆ. ಜೀಪಿನಲ್ಲಿ ಬರುತ್ತಿರುವುದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಎಲ್ಲರೂ ಅದನ್ನೇ ನೋಡುತ್ತ ನಿಂತರು. ಹಿಂದೆ ಸಿಪಾಯಿ ಎದ್ದು ತೋಪಿನ ಬಳಿ ಓಡಿದ್ದೂ ಅವರಿಗೆ ತಿಳಿಯಲಿಲ್ಲ.

ಡೈರೆಕ್ಟರ್ ಸಾಕು, ಇದೇ ಮುಖ ಬೇಕಿತ್ತು ಎಂದು ಕೂಗಿ, ಸಮ್ರೀನಳ ಬೆನ್ನು ತಟ್ಟಿದ. ಹೆಂಗಸರು ಹಾಗೇ ನಿಂತೇ ಇದ್ದರು.

ಸಾಹೇಬರು ಮೇಲೆ ಬಂದರು. ತೆಳ್ಳನೆಯ ಮನುಷ್ಯ, ಕೈಯಲ್ಲಿ ಮೊಬೈಲ್. ಹಿಂದೆ ಭೀಮಶಾ ದಾರಿಯುದ್ದಕ್ಕೂ ಬುರುಜಿನ ಸ್ವಚ್ಛತೆಯನ್ನೇ ವರ್ಣಿಸಿಕೊಂಡು ಬರುತ್ತಿದ್ದವನು ಕೊನೆಯ ಮೆಟ್ಟಿಲಿನಲ್ಲಿ ಮಾತು ನುಂಗಿದ. ಸಾಹೇಬರು ಹುಲ್ಲು ನೋಡಿದರು, ಮೊಬೈಲಿನ ಫೋಟೋ ನೋಡಿದರು.

“ಇದು ಎಂದಿನ ಫೋಟೋ ಭೀಮಶಾ?”

“ಇವತ್ತಿಂದೇ ರೀ.”

“ಮತ್ತ ಇದು?” ಅವರು ಕಾಲ ಬುಡದ ಹುಲ್ಲು ತೋರಿಸಿದರು.

“ಇದೂ...” ಭೀಮಶಾ ಬೆವರು ಒರೆಸಿಕೊಂಡ. “ಇದೂ ಇವತ್ತಿಂದೇ ಇರಬೇಕ್ರಿ.”

“ಯಾವ ವರ್ಷದ ಫೋಟೋ ಹುಡಿಕ್ಯಾಡಿ ಕಳಸ್ದಿ ನನಗ? ಇದೇ ಧಂದೆ ಏನು ನಿಂದು?”

ಭೀಮಶಾ ಪ್ರಣಿತಾಳ ಕಡೆ ನೋಡಿದ. ಅವನ ಮುಖ ಚಿಕ್ಕದಾಗಿತ್ತು. ಡೈರೆಕ್ಟರ್ ಏನೂ ಗೊತ್ತಿಲ್ಲದವನಂತೆ ಕ್ಯಾಮೆರಾದ ಚೀಲ ಕಟ್ಟುತ್ತಿದ್ದ. ಹೆಂಗಸರು ಒಬ್ಬರ ಹಿಂದೊಬ್ಬರು ಸರಿದರು. ಸುಮ್ಮನಿದ್ದರೆ ಭೀಮಶಾ ಸುಳ್ಳನಾಗುತ್ತಾನೆ. ಬಾಯಿ ಬಿಟ್ಟರೆ ಗೇಟಿನ ಕುರ್ಚಿ ಹೋಗುತ್ತದೆ. ಪ್ರಣಿತಾಳಿಗೆ ಶಾಲೆಯಲ್ಲಿ ಓದೆಂದಾಗ ಎದ್ದು ನಿಂತ ಹಾಗಾಯಿತು. ಆದರೂ ಅವಳ ಕಾಲು ಒಂದು ಹೆಜ್ಜೆ ಮುಂದೆ ಬಂದಿತ್ತು. ಬಂದ ಮೇಲೆ ಹಿಂದೆ ಹೋಗುವುದು ಹೇಗೆಂದು ತಿಳಿಯಲಿಲ್ಲ.

“ಫೋಟೋ ಖರೆ ಅದರಿ,” ಎಂದಳು. “ಮಧ್ಯಾಹ್ನ ತಗದಾಕಿನೂ ನಾನೇ ರೀ. ಸಂಜಿಕ ಹಚ್ಚಿದಾಕಿನೂ ನಾನೇ ರೀ.”

“ಏನ್ ಹಚ್ಚಿದಿ?”

“ಹುಲ್ಲ ರೀ.”

ಸಾಹೇಬರು ಬಾಗಿ ಒಂದು ಹುಲ್ಲನ್ನು ಎಳೆದರು. ಅದು ಯಾವ ತಕರಾರೂ ಇಲ್ಲದೆ ಕೈಗೆ ಬಂತು. ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ತಗದಿದ್ದು ಯಾಕ?”

“ಯಾಕ ತಗದೆ ಅಂತ ನನಗೂ ಗೊತ್ತಾಗಲಿಲ್ರಿ. ಕೈ ಹೋಯ್ತು.”

“ಮತ್ತ ಹಚ್ಚಿದ್ದು?”

“ಅದು ಗೊತ್ತಿತ್ರಿ. ಇವ್ರ ನಿನ್ನಿ ಕೆಲಸ ಹಾಳಾಗಿತ್ತು. ನಾಳೆ ಇವ್ರು ಹೋದ ಮ್ಯಾಲೆ ಹೊಳ್ಳಿ ತಗೀತೀನ್ರಿ. ಈಗ ಬೇರಿಲ್ಲ, ಜಲ್ದಿ ಬರ್ತದ.”

ಸಾಹೇಬರು ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಕೈಯಲ್ಲಿದ್ದ ಹುಲ್ಲನ್ನು ಎಲ್ಲಿ ಇಡುವುದೆಂದು ತಿಳಿಯದವರಂತೆ ಆಚೀಚೆ ನೋಡಿ, ಕೊನೆಗೆ ಬಾಗಿ, ಕಿತ್ತ ಕುಣಿಯಲ್ಲೇ ಮತ್ತೆ ಊರಿದರು. ಊರಿದ್ದು ಸೊಟ್ಟಗಾಯಿತು.

“ಭೀಮಶಾ, ಗೇಟಿಗೆ ಹೆಣ್ಣಮಗಳು ಬೇಕಂದಿದ್ದಿಲ್ಲ? ಸೋಮವಾರದಿಂದ ಈಕಿನ್ನೇ ಕೂಡ್ರಸು,” ಎಂದರು. “ಬುರ್ಜ್ ಹತ್ತಾಕ ಮಾತ್ರ ಬಿಡಬ್ಯಾಡ.”

ಅಷ್ಟು ಹೇಳಿ ಇಳಿದು ಹೋದರು. ಭೀಮಶಾ ಅವರ ಬೆನ್ನು ಹತ್ತಿದ. ಹೆಂಗಸರು ಸುತ್ತ ಮುತ್ತಿದರು.

“ಏನಂದ್ರವಾ? ಕೊಟ್ರೋ, ಕಸಗೊಂಡ್ರೋ?” ಎಂದಳು ಸೋನುಬಾಯಿ.

“ಸೋಮವಾರದಿಂದ ಗೇಟಿಗೆ ಕೂಡು ಅಂದ್ರು ಆಯಿ.”

“ಖುಷಿಯಿಂದ ಅಂದ್ರೋ, ಸಿಟ್ಟಿನಿಂದ ಅಂದ್ರೋ?”

ಪ್ರಣಿತಾ ಸಾಹೇಬರ ಮುಖ ನೆನಪಿಸಿಕೊಳ್ಳಲು ನೋಡಿದಳು. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದ್ದಳು.

“ಗೊತ್ತಾಗಲಿಲ್ಲ,” ಎಂದಳು.

“ಹೋಗಲಿ ಬಿಡು. ಕುರ್ಚಿ ಅಂತೂ ಕುರ್ಚಿನೇ,” ಎಂದು ಪೂನಂ ಅವಳ ಕೈ ಹಿಡಿದು ಎಳೆದಳು. “ನಡಿ, ಟಂಟಂನವ ಹಾರ್ನ್ ಹೊಡಿಯಾಕತ್ತಾನ.”